ಕಣಜದ ಹೊಟ್ಟೆಯೊಳಗಿನ ವೈರಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಳುವಿನ ಮೈಮೇಲೆ ಬಿಳಿ ಗೂಡು ಕಂಡವರು ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಉತ್ತರ ಹೇಳುತ್ತಾ ಹೋದರೆ ಅದು ಹತ್ತಾಗುತ್ತದೆ. ತೋಟದ ಬದುವಿನಲ್ಲಿ ನಿಂತು ರೈತರು ಕೇಳಿದ್ದು, ಶಾಲೆ ಮಕ್ಕಳು ಕೇಳಿದ್ದು, ಕುತೂಹಲದ ಸ್ನೇಹಿತರು ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಕಣಜ ಎಂದರೆ ಕಾಳು ತುಂಬುವ ಕಣಜ ಅಲ್ಲ. ಕೆಲವು ಕಡೆ ಕಡಜ ಎನ್ನುತ್ತಾರಲ್ಲ, ಆ ಹುಳು. ಆದರೆ ಮಾಡಿಗೆ ಗೂಡು ಕಟ್ಟಿ ಕಚ್ಚುವ ದೊಡ್ಡ ಕಡಜವಲ್ಲ. ಇದರ ದೂರದ ಸಂಬಂಧಿ, ಎರಡು ಮೂರು ಮಿಲಿಮೀಟರ್ ಉದ್ದದ್ದು.

ಹುಳುವಿನ ಬೆನ್ನ ಮೇಲೆ ಅಕ್ಕಿಕಾಳಿನಂತೆ ಬಿಳಿ ಬಿಳಿ ಇದೆ. ಅದು ಹುಳುವಿನ ಮೊಟ್ಟೆಯೇ?

ಅಲ್ಲ. ಹುಳು, ಅಂದರೆ ಚಿಟ್ಟೆ ಪತಂಗಗಳ ಮರಿ, ಮೊಟ್ಟೆ ಇಡುವುದೇ ಇಲ್ಲ. ಅದು ದೊಡ್ಡದಾಗಿ ರೆಕ್ಕೆ ಬಂದ ಮೇಲಷ್ಟೇ ಮೊಟ್ಟೆಯ ಮಾತು. ನೀವು ಕಂಡದ್ದು ಪರಾವಲಂಬಿ ಕಣಜದ ಮರಿಗಳು ನೇಯ್ದುಕೊಂಡ ರೇಷ್ಮೆ ಗೂಡು.

ತಾಯಿ ಕಣಜ ಕೆಲವು ದಿನಗಳ ಹಿಂದೆ ಈ ಹುಳುವಿಗೆ ಚುಚ್ಚಿ, ಮೈಯೊಳಗೆ ಮೊಟ್ಟೆ ಇಟ್ಟು ಹೋಗಿದೆ. ಮರಿಗಳು ಒಳಗೇ ಒಡೆದು, ಹುಳುವಿನ ರಕ್ತರಸ ಕುಡಿದು ಬೆಳೆದು, ಚರ್ಮ ಕೊರೆದು ಹೊರಬಂದು ಗೂಡು ಕಟ್ಟಿವೆ. ಹುಳು ಇನ್ನೂ ಬದುಕಿರಬಹುದು, ಅಲ್ಲಾಡಲೂಬಹುದು. ಆದರೆ ಅದು ಮತ್ತೆ ಎಲೆ ತಿನ್ನುವುದಿಲ್ಲ, ಪತಂಗವೂ ಆಗುವುದಿಲ್ಲ.

ಮೊದಲ ಸಲ ಇದನ್ನು ಕಂಡಾಗ ನಾನೂ ಮೊಟ್ಟೆ ಅಂದುಕೊಂಡೆ. ಎಲೆ ಸಮೇತ ಕಿತ್ತು ಕಾಲಲ್ಲಿ ಹೊಸಕಿ ಹಾಕಿದೆ. ಅದು ಏನೆಂದು ತಿಳಿದ ದಿನ ತುಂಬಾ ಬೇಜಾರಾಯಿತು. ಈ ಪುಟ ಬರೆಯಲು ಅದೂ ಒಂದು ಕಾರಣ.

ಸರಿ, ಇದರಲ್ಲಿ ವೈರಸ್ ಎಲ್ಲಿಂದ ಬಂತು?

ಮೊಟ್ಟೆಯ ಜೊತೆಗೇ ಬಂತು. ತಾಯಿ ಕಣಜ ಚುಚ್ಚಿದಾಗ ಒಳಗೆ ಹೋಗುವುದು ಮೊಟ್ಟೆ ಮಾತ್ರ ಅಲ್ಲ. ಸ್ವಲ್ಪ ವಿಷ ಹೋಗುತ್ತದೆ. ಅದರ ಜೊತೆಗೆ ಅಂಡಾಶಯದ ದ್ರವವೂ ಹೋಗುತ್ತದೆ. ಆ ದ್ರವದಲ್ಲಿ ಲೆಕ್ಕವಿಲ್ಲದಷ್ಟು ವೈರಸ್ ಕಣಗಳು ಇರುತ್ತವೆ.

ಕಣಜದ ಅಂಡಾಶಯ ಮತ್ತು ಅಂಡನಾಳ ಸೇರುವ ಜಾಗಕ್ಕೆ ಕ್ಯಾಲಿಕ್ಸ್ ಎನ್ನುತ್ತಾರೆ. ವೈರಸ್ ತಯಾರಾಗುವುದು ಅಲ್ಲಿನ ಜೀವಕೋಶಗಳಲ್ಲಿ ಮಾತ್ರ, ಮೈಯ ಬೇರೆ ಯಾವ ಭಾಗದಲ್ಲೂ ಅಲ್ಲ. ಕಣಜ ಇನ್ನೂ ಕೋಶಾವಸ್ಥೆಯಲ್ಲಿ ಇರುವಾಗಲೇ ಕೆಲಸ ಶುರುವಾಗುತ್ತದೆ. ಅದು ರೆಕ್ಕೆ ಬಿಚ್ಚಿ ಹಾರುವ ಹೊತ್ತಿಗೆ ಸರಕು ರೆಡಿ.

ಕಣಜಕ್ಕೆ ಈ ವೈರಸ್ ಯಾಕೆ ಬೇಕು?

ಹುಳುವಿನ ಮೈ ಸುಮ್ನೆ ಬಿಡುವುದಿಲ್ಲ, ಅದಕ್ಕೆ.

ನಮ್ಮ ಕಾಲಿಗೆ ಮುಳ್ಳು ಚುಚ್ಚಿಕೊಂಡರೆ ಸುತ್ತ ಕೀವು ಕಟ್ಟುತ್ತದೆ ಅಲ್ವಾ? ಹುಳುವಿನ ರಕ್ತದಲ್ಲೂ ಕಾವಲು ಕಣಗಳಿವೆ. ಹೊರಗಿನ ವಸ್ತು ಒಳಗೆ ಬಂದರೆ ಅವು ಓಡಿ ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಒಂದರ ಮೇಲೊಂದು ಪದರ ಕಟ್ಟಿ, ಈರುಳ್ಳಿಯಂತೆ ಸುತ್ತಿ, ಕೊನೆಗೆ ಕಪ್ಪು ಬಣ್ಣದ ಗಟ್ಟಿ ಪೊರೆಯಲ್ಲಿ ಮುಚ್ಚಿಬಿಡುತ್ತವೆ. ಒಳಗೆ ಸಿಕ್ಕಿದ ಮೊಟ್ಟೆ ಅಲ್ಲೇ ಸಾಯುತ್ತದೆ.

ವೈರಸ್ ಈ ಕಾವಲನ್ನು ಮುರಿಯುತ್ತದೆ. ಅದು ಹುಳುವಿನ ರಕ್ತಕಣಗಳಿಗೂ ಬೇರೆ ಅಂಗಗಳಿಗೂ ನುಗ್ಗಿ ತಾನು ಹೊತ್ತು ತಂದ ಜೀನ್‌ಗಳನ್ನು ಒಳಗೆ ಇಳಿಸುತ್ತದೆ. ಆಮೇಲೆ ಹುಳುವಿನ ಜೀವಕೋಶಗಳೇ ಆ ಜೀನ್‌ಗಳನ್ನು ಓದಿ ಪ್ರೋಟೀನ್ ತಯಾರಿಸುತ್ತವೆ. ಆ ಪ್ರೋಟೀನ್‌ಗಳಲ್ಲಿ ಕೆಲವು ಕಾವಲು ಕಣಗಳ ಅಂಟುವ ಗುಣವನ್ನೇ ಕಿತ್ತುಕೊಳ್ಳುತ್ತವೆ. ಕೆಲವು ಅಪಾಯದ ಸುದ್ದಿ ಒಳಗೆ ಮುಟ್ಟದಂತೆ ತಡೆಯುತ್ತವೆ. ಇನ್ನು ಕೆಲವು ಕಪ್ಪು ಪೊರೆ ಕಟ್ಟುವುದನ್ನು ನಿಲ್ಲಿಸುತ್ತವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಕಣಜದ ಮರಿಗೆ ಹುಳು ಹುಳುವಾಗಿಯೇ ಇರಬೇಕು. ಹುಳು ಕೋಶ ಕಟ್ಟಿದರೆ ಒಳಗಿನ ಊಟ ಕೆಡುತ್ತದೆ. ವೈರಸ್ಸು, ವಿಷ, ಮೊಟ್ಟೆಯ ಪೊರೆಯಿಂದ ಬಿಡುಗಡೆಯಾಗುವ ವಿಶೇಷ ಜೀವಕೋಶಗಳು ಎಲ್ಲ ಸೇರಿ ಹುಳುವಿನ ಹಾರ್ಮೋನಿನ ಲೆಕ್ಕವನ್ನು ತಪ್ಪಿಸುತ್ತವೆ. ಅಮೆರಿಕದಲ್ಲಿ ಹೊಗೆಸೊಪ್ಪಿನ ಎಲೆ ತಿನ್ನುವ ದೊಡ್ಡ ಹಸಿರು ಹುಳು ಒಂದಿದೆ, ಹೆಬ್ಬೆರಳಿನಷ್ಟು ದಪ್ಪ. ಕೊಟೇಶಿಯಾ ಕಾಂಗ್ರೆಗೇಟಾ ಎಂಬ ಪುಟ್ಟ ಕಣಜ ಅದಕ್ಕೆ ಚುಚ್ಚಿದರೆ ಅದು ಕೋಶವಾಗುವುದೇ ಇಲ್ಲ. ಬೆನ್ನ ತುಂಬ ಬಿಳಿ ಗೂಡು ಹೊತ್ತು ಹಾಗೇ ಕೂತಿರುತ್ತದೆ.

ಹುಳುವಿನೊಳಗೆ ಹೋದ ವೈರಸ್ ಅಲ್ಲಿ ಹೆಚ್ಚಾಗುವುದಿಲ್ಲವೇ?

ಇಲ್ಲ. ಒಂದೂ ಹೊಸ ಕಣ ಹುಟ್ಟುವುದಿಲ್ಲ. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಅಚ್ಚರಿ ಎನಿಸುವುದು ಇದೇ.

ಸಾಮಾನ್ಯ ವೈರಸ್ ಬದುಕುವುದೇ ತನ್ನ ನಕಲು ಮಾಡಿಕೊಳ್ಳಲು. ನೆಗಡಿಯ ವೈರಸ್ ನಮ್ಮ ಮೂಗಿಗೆ ಬಂದರೆ ಅಲ್ಲಿ ಲಕ್ಷಗಟ್ಟಲೆ ಮರಿ ಹಾಕಿ ಪಕ್ಕದವರಿಗೆ ಹಾರುತ್ತದೆ. ಈ ವೈರಸ್ಸಿಗೆ ಅದು ಸಾಧ್ಯವಿಲ್ಲ. ತನ್ನ ಹೊರಕವಚ ಕಟ್ಟುವ ಜೀನ್‌ಗಳೇ ಅದರ ಕಣದೊಳಗೆ ಇರುವುದಿಲ್ಲ. ಅವೆಲ್ಲ ಕಣಜದ ವರ್ಣತಂತುಗಳಲ್ಲೇ ಉಳಿದಿವೆ. ಕಣದೊಳಗೆ ತುಂಬಿರುವುದು ಹುಳುವನ್ನು ಸೋಲಿಸುವ ಜೀನ್‌ಗಳು ಮಾತ್ರ. ಹುಳು ಸತ್ತರೆ ಒಳಗೆ ಹೋದ ವೈರಸ್ಸೂ ಅಲ್ಲಿಗೇ ಮುಗಿಯಿತು.

ಹಾಗಾದರೆ ಮುಂದಿನ ಪೀಳಿಗೆಗೆ ಹೇಗೆ? ಕಣಜದ ಮಗಳಿಗೆ ತಾಯಿ ತಂದೆಯಿಂದ ಕಣ್ಣಿನ ಬಣ್ಣ ಬಂದಂತೆಯೇ ಇದೂ ಬರುತ್ತದೆ. ವರ್ಣತಂತುವಿನ ಜೊತೆಗೆ, ಪ್ರತಿ ಕಣಜಕ್ಕೂ, ತಪ್ಪದೆ. ಗಂಡು ಕಣಜವೂ ಆ ಜೀನ್‌ಗಳನ್ನು ಹೊತ್ತಿರುತ್ತದೆ, ಆದರೆ ಕಣ ತಯಾರಿಸುವುದಿಲ್ಲ.

ಹಾಗಿದ್ದರೆ ಅದನ್ನು ವೈರಸ್ ಎಂದು ಕರೆಯುವುದು ಸರಿಯೇ? ಕಣಜದ ಅಂಗ ಅನ್ನಬಾರದೇ?

ಈ ಪ್ರಶ್ನೆಯ ಮೇಲೆ ವಿಜ್ಞಾನಿಗಳೇ ಬಹಳ ವರ್ಷ ಜಗಳವಾಡಿದ್ದಾರೆ. ಕಾರಣವೂ ಇತ್ತು.

2004ರಲ್ಲಿ ಕೊಟೇಶಿಯಾ ಕಾಂಗ್ರೆಗೇಟಾದ ವೈರಸ್ ಕಣದೊಳಗಿನ ಡಿಎನ್‌ಎ ಪೂರ್ತಿ ಓದಿ ಮುಗಿಸಿದರು. ಒಳಗೆ ಒಂದಲ್ಲ, 30 ಬೇರೆ ಬೇರೆ ಡಿಎನ್‌ಎ ಬಳೆಗಳು. ಹೀಗೆ ಹಲವು ಡಿಎನ್‌ಎ ತುಂಡುಗಳು ಇರುವುದಕ್ಕೇ ಈ ಗುಂಪಿಗೆ ಪಾಲಿಡಿಎನ್‌ಎ ವೈರಸ್ ಎಂಬ ಹೆಸರು. ಆದರೆ ಆ ಬಳೆಗಳಲ್ಲಿ ವೈರಸ್ಸಿನ ಗುರುತು ಹಿಡಿಯುವ ಜೀನ್‌ಗಳು ಸಿಗಲಿಲ್ಲ. ಸಿಕ್ಕಿದ್ದರಲ್ಲಿ ಎಷ್ಟೋ ಕೀಟಗಳ ಜೀನ್‌ನಂತೆ ಕಾಣುತ್ತಿದ್ದವು. ಇದು ನಿಜವಾಗಿ ವೈರಸ್ಸೇ, ಅಥವಾ ಕಣಜವೇ ಕಂಡುಕೊಂಡ ಒಂದು ಉಪಾಯವೇ ಎಂಬ ಅನುಮಾನ ಇನ್ನೂ ಗಟ್ಟಿಯಾಯಿತು.

ಗಂಟು ಬಿಚ್ಚಿದ್ದು 2009ರಲ್ಲಿ. ಫ್ರಾನ್ಸಿನ ಟೂರ್ಸ್ ನಗರದ ಸಂಶೋಧಕರು ಕಣದೊಳಗೆ ಹುಡುಕುವುದನ್ನು ಬಿಟ್ಟು, ಕಣ ತಯಾರಾಗುವ ಅಂಡಾಶಯದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ನೋಡಿದರು. ಅಲ್ಲಿತ್ತು ಉತ್ತರ. ನ್ಯೂಡಿವೈರಸ್ ಎಂಬ ಕೀಟಗಳ ವೈರಸ್ ಗುಂಪಿನ ಜೀನ್‌ಗಳು ಅಲ್ಲಿ ಹಗಲು ರಾತ್ರಿ ದುಡಿಯುತ್ತಿದ್ದವು. ಅಂದರೆ ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದು ನಿಜವಾದ, ಸ್ವತಂತ್ರ ವೈರಸ್ ಒಂದು ಕಣಜದ ಮೈ ಸೇರಿತು. ಅದರ ಡಿಎನ್‌ಎ ಕಣಜದ ಡಿಎನ್‌ಎಯಲ್ಲಿ ಬೆರೆಯಿತು. ಆಮೇಲೆ ಅದು ಹೊರಗೆ ಬರಲೇ ಇಲ್ಲ. ಆಗ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು.

ಆ ಒಂದು ಕಣಜದ ಸಂತತಿ ಇವತ್ತು ಸಾವಿರಾರು ಜಾತಿಗಳಾಗಿ ಲೋಕದ ತುಂಬ ಹರಡಿದೆ. ಎಲ್ಲದರ ಹೊಟ್ಟೆಯಲ್ಲೂ ಆ ಹಳೆಯ ವೈರಸ್ಸಿನ ಕುರುಹು ಇದೆ. ನನ್ನ ಅಭಿಪ್ರಾಯ ಕೇಳಿದರೆ, ಹುಟ್ಟಿನಿಂದ ಅದು ವೈರಸ್, ಇವತ್ತಿನ ಬದುಕಿನಲ್ಲಿ ಕಣಜದ ಅಂಗ. ಮದುವೆಯಾಗಿ ಬಂದ ಸೊಸೆ ಐವತ್ತು ವರ್ಷದ ಮೇಲೆ ಯಾವ ಮನೆಯವಳು ಎಂದು ಕೇಳಿದರೆ ಏನು ಹೇಳುತ್ತೀರಿ? ಹಾಗೆ.

ಇಂಥದ್ದು ಬೇರೆ ಪ್ರಾಣಿಗಳಲ್ಲೂ ಇದೆಯೇ?

ನಿಮ್ಮಲ್ಲೂ ಇದೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು ನೂರಕ್ಕೆ 8 ಭಾಗ ಹಳೆಯ ವೈರಸ್‌ಗಳ ಅವಶೇಷ. ಅದರಲ್ಲಿ ಒಂದು ಜೀನ್ ತಾಯಿಯ ಗರ್ಭದಲ್ಲಿ ಮಾಸು ಬೆಳೆಯಲು ಬೇಕೇ ಬೇಕು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಒಂದೆರಡು ಜೀನ್ ಉಳಿದಿವೆ, ಕಣಜದಲ್ಲಿ ಇಡೀ ಕಾರ್ಖಾನೆಯೇ ಉಳಿದಿದೆ.

ಕಣಜದ ಈ ವೈರಸ್ಸನ್ನು ಮೊದಲು ಕಂಡುಹಿಡಿದವರು ಯಾರು?

1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಸಾಲ್ಟ್ ಎಂಬ ವಿಜ್ಞಾನಿ ಹಿಟ್ಟಿನ ಪತಂಗದ ಹುಳುವಿಗೆ ಚುಚ್ಚುವ ವೆಂಚೂರಿಯಾ ಕಣಜವನ್ನು ನೋಡುತ್ತಿದ್ದರು. ಕ್ಯಾಲಿಕ್ಸ್ ದಾಟಿ ಬಂದ ಮೊಟ್ಟೆಯನ್ನು ಹುಳುವಿನ ಮೈ ಸುಮ್ನೆ ಬಿಡುತ್ತದೆ, ದಾಟದ ಮೊಟ್ಟೆಯನ್ನು ಬಿಡುವುದಿಲ್ಲ ಎಂದು ಅವರು ತೋರಿಸಿದರು. ಅಂದರೆ ಆ ಜಾಗದಲ್ಲಿ ಮೊಟ್ಟೆಗೆ ಏನೋ ಬಳಿಯಲಾಗುತ್ತಿದೆ. 1967ರಲ್ಲಿ ಸೂಸನ್ ರಾಥೆರಮ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊಟ್ಟೆಯ ಮೇಲೆ ವೈರಸ್ಸಿನಂಥ ಕಣಗಳು ಕಂಡವು.

ನಿರ್ಣಾಯಕ ಪ್ರಯೋಗ ನಡೆದದ್ದು 1981ರಲ್ಲಿ, ಅಮೆರಿಕದಲ್ಲಿ. ಕ್ಯಾಂಪೊಲೆಟಿಸ್ ಎಂಬ ಕಣಜದ ಮೊಟ್ಟೆಗಳನ್ನು ತೊಳೆದು ಹುಳುವಿನೊಳಗೆ ಇಟ್ಟರು. ಹುಳುವಿನ ಮೈ ಅವನ್ನು ಸುತ್ತಿ ಕೊಂದಿತು. ಶುದ್ಧ ಮಾಡಿದ ವೈರಸ್ ಬೆರೆಸಿ ಇಟ್ಟರು. ಮೊಟ್ಟೆ ಬದುಕಿತು. ಕೆಲಸ ಕೆಡಿಸಿದ ವೈರಸ್ ಬೆರೆಸಿದರು. ಮತ್ತೆ ಸತ್ತಿತು. ಎಷ್ಟು ಸರಳ, ಎಷ್ಟು ಗಟ್ಟಿ ನೋಡಿ. ಪ್ರಯೋಗ ಎಂದರೆ ಏನು ಎಂದು ಮಕ್ಕಳು ಕೇಳಿದಾಗ ನಾನು ಇದನ್ನೇ ಹೇಳುತ್ತೇನೆ.

ವೈರಸ್ ಹೀಗೆ ಕಣಜದ ಡಿಎನ್‌ಎಯಲ್ಲಿ ಬೆರೆತದ್ದು ಒಂದೇ ಸಲ ಆದ ಘಟನೆಯೇ?

ಅಲ್ಲ. 10 ಕೋಟಿ ವರ್ಷಗಳ ಹಿಂದೆ ಕಣಜದ ಮೈ ಸೇರಿದ ವೈರಸ್ ಎಂದೆನಲ್ಲ, ಕೊಟೇಶಿಯಾದಂಥ ಕಣಜಗಳಲ್ಲಿ ಇರುವುದು, ಅದು ಬ್ರಾಕೊವೈರಸ್ ಕಥೆ. ಕ್ಯಾಂಪೊಲೆಟಿಸ್ ಇರುವ ಕುಟುಂಬದ ಕಣಜಗಳಲ್ಲಿ ಇಕ್ನೋವೈರಸ್ ಇದೆ. ಅದರ ಮೂಲ ಬೇರೆಯೇ ವೈರಸ್. ಎರಡೂ ಕೆಲಸದಲ್ಲಿ ಅಣ್ಣತಮ್ಮಂದಿರಂತೆ, ಆದರೆ ರಕ್ತಸಂಬಂಧವಿಲ್ಲ.

ಸಾಲ್ಟ್ ಅವರ ವೆಂಚೂರಿಯಾದ್ದು ಇನ್ನೂ ವಿಚಿತ್ರ. ಅದು ಮತ್ತೊಂದು ನ್ಯೂಡಿವೈರಸ್ಸನ್ನು ಪಳಗಿಸಿಕೊಂಡಿದೆ, ಆದರೆ ಕಣದೊಳಗೆ ಡಿಎನ್‌ಎ ಹಾಕುವುದನ್ನೇ ನಿಲ್ಲಿಸಿದೆ. ಕಣ ಬರೀ ಲಕೋಟೆ. ಒಳಗೆ ಕಾಗದವಿಲ್ಲ, ಪ್ರೋಟೀನ್ ಇದೆ. ಅಷ್ಟರಿಂದಲೇ ಮೊಟ್ಟೆ ಬದುಕುತ್ತದೆ. ಹಣ್ಣಿನ ನೊಣಕ್ಕೆ ಶತ್ರುವಾದ ಫೋಪಿಯಸ್ ಕಣಜದಲ್ಲೂ ನ್ಯೂಡಿವೈರಸ್ಸಿನಿಂದ ಬಂದ ಇಂಥದೇ ಖಾಲಿ ಕಣಗಳಿವೆ.

ಹೀಗೆ ಬೆರೆತುಹೋಗದೆ, ಸ್ವತಂತ್ರವಾಗಿಯೇ ಕಣಜದ ಜೊತೆ ಬದುಕುವ ವೈರಸ್ ಇದೆಯೇ?

ಇದೆ. ಆದರೆ ಅಲ್ಲಿ ಎಲ್ಲವೂ ಸ್ನೇಹವಲ್ಲ.

ಹಣ್ಣಿನ ಮೇಲೆ ಹಾರುವ ಚಿಕ್ಕ ಡ್ರೊಸೊಫಿಲಾ ನೊಣದ ಮರಿಗೆ ಚುಚ್ಚುವ ಲೆಪ್ಟೊಪಿಲಿನಾ ಎಂಬ ಕಣಜವಿದೆ. ಸಾಮಾನ್ಯವಾಗಿ ಅದು ಬೇರೆಯವರು ಮೊದಲೇ ಮೊಟ್ಟೆ ಇಟ್ಟ ಮರಿಯನ್ನು ಬಿಟ್ಟುಬಿಡುತ್ತದೆ. ಒಂದು ಮರಿಯಲ್ಲಿ ಒಂದೇ ಕಣಜ ಬೆಳೆಯಬಲ್ಲದು, ಎರಡನೆಯ ಮೊಟ್ಟೆ ದಂಡ. ಆದರೆ ಒಂದು ವೈರಸ್ ಸೋಂಕಿದ ಕಣಜ ಈ ಎಚ್ಚರ ಕಳೆದುಕೊಂಡು, ಚುಚ್ಚಿದ ಮರಿಗೇ ಮತ್ತೆ ಚುಚ್ಚುತ್ತದೆ. ಇದರಿಂದ ಕಣಜಕ್ಕೆ ನಷ್ಟ. ವೈರಸ್ಸಿಗೆ ಮಾತ್ರ ಲಾಭ: ಒಂದೇ ಮರಿಯೊಳಗೆ ಎರಡು ಕಣಜಗಳ ಸಂತಾನ ಇದ್ದಾಗ ಅದು ಇದರಿಂದ ಅದಕ್ಕೆ ದಾಟಬಹುದು. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನು ತೋರಿಸಿದರು.

ಗುಲಗಂಜಿ ಹುಳುವಿನ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಡಿನೊಕ್ಯಾಂಪಸ್ ಎಂಬ ಕಣಜ ಅದರೊಳಗೆ ಒಂದು ಮೊಟ್ಟೆ ಇಡುತ್ತದೆ. ಸುಮಾರು 20 ದಿನಕ್ಕೆ ಮರಿ ಹೊರಬಂದು ಗುಲಗಂಜಿಯ ಕಾಲುಗಳ ನಡುವೆ ಗೂಡು ಕಟ್ಟುತ್ತದೆ. ಗುಲಗಂಜಿ ಓಡಿಹೋಗುವುದಿಲ್ಲ. ನಡುಗುತ್ತಾ ಗೂಡಿನ ಮೇಲೆ ಕೂತು ಅದನ್ನು ಕಾಯುತ್ತದೆ. ಕಣಜದಿಂದ ದಾಟಿದ ಒಂದು ಆರ್‌ಎನ್‌ಎ ವೈರಸ್ ಆ ಹೊತ್ತಿನಲ್ಲಿ ಗುಲಗಂಜಿಯ ಮಿದುಳಿನಲ್ಲಿ ತುಂಬಿರುವುದನ್ನು 2015ರಲ್ಲಿ ವರದಿ ಮಾಡಿದರು. ಈ ಪಾರ್ಶ್ವವಾಯುವಿಗೆ ಆ ವೈರಸ್ಸೇ ಕಾರಣ ಎಂಬುದು ಅವರ ವಾದ. ಸುಮಾರು ಕಾಲು ಭಾಗ ಗುಲಗಂಜಿಗಳು ಆಮೇಲೆ ಚೇತರಿಸಿಕೊಂಡು ಮತ್ತೆ ನಡೆದಾಡುತ್ತವೆ.

ಎಲ್ಲ ಪರಾವಲಂಬಿ ಕಣಜಕ್ಕೂ ವೈರಸ್ ಬೇಕೇ? ಹೊಲದಲ್ಲಿ ಕಟ್ಟುವ ಟ್ರೈಕೋಕಾರ್ಡ್‌ನಿಂದ ಹೊರಬರುವ ಟ್ರೈಕೋಗ್ರಾಮ ಕಣಜದಲ್ಲೂ ಇದೆಯೇ?

ಇಲ್ಲ. ಟ್ರೈಕೋಗ್ರಾಮ ಕಣಜ ಪತಂಗದ ಮೊಟ್ಟೆಯೊಳಗೆ ಮೊಟ್ಟೆ ಇಡುತ್ತದೆ. ಹೊಸದಾಗಿ ಇಟ್ಟ ಮೊಟ್ಟೆಯಲ್ಲಿ ಹುಳುವಿನ ರಕ್ತದಲ್ಲಿರುವಂಥ ಕಾವಲು ಪಡೆ ಇರುವುದಿಲ್ಲ. ಅದಕ್ಕೆ ಪಾಲಿಡಿಎನ್‌ಎ ವೈರಸ್ಸಿನ ಹಂಗಿಲ್ಲ. ಹುಳುವನ್ನು ಚುಚ್ಚಿ ನಿಶ್ಚಲ ಮಾಡಿ ಹೊರಗಿನಿಂದ ತಿನ್ನುವ ಕಣಜಗಳಿಗೂ ಇದು ಬೇಡ.

ನಮ್ಮ ಕರ್ನಾಟಕದಲ್ಲಿ ಇಂಥ ಕಣಜಗಳಿವೆಯೇ?

ಧಾರಾಳವಾಗಿ. ತೊಗರಿ, ಕಡಲೆಯ ಕಾಯಿಕೊರಕ ಯಾರಿಗೆ ಗೊತ್ತಿಲ್ಲ? ಕಲಬುರಗಿ ಕಡೆ ತೊಗರಿ ಗಿಡ ಅಲ್ಲಾಡಿಸಿ ಹುಳು ಉದುರಿಸಿ ಕೈಸೋತವರು ಎಷ್ಟೋ ಜನ. ಆ ಹುಳು ಇನ್ನೂ ಚಿಕ್ಕದಿರುವಾಗಲೇ ಹುಡುಕಿ ಚುಚ್ಚುವ ಕಣಜ ಕ್ಯಾಂಪೊಲೆಟಿಸ್ ಕ್ಲೋರಿಡೆ. ಕಡಲೆ ಹೊಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಹೊಟ್ಟೆಯಲ್ಲಿ ಇಕ್ನೋವೈರಸ್ ಇದೆ. ಎಲೆಕೋಸಿನ ವಜ್ರಬೆನ್ನಿನ ಪತಂಗದ ಹುಳುವಿಗೆ ಕೊಟೇಶಿಯಾ ವೆಸ್ಟಾಲಿಸ್ ಇದೆ, ಅದರದ್ದು ಬ್ರಾಕೊವೈರಸ್.

2018ರಲ್ಲಿ ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಂತಲ್ಲ, ಭಾರತದಲ್ಲಿ ಮೊದಲು ಕಂಡದ್ದು ನಮ್ಮ ರಾಜ್ಯದಲ್ಲೇ. ಅಮೆರಿಕ ಖಂಡದಿಂದ ಬಂದ ಹೊಸ ಹುಳು. ಅದೇ ವರ್ಷ ಇಲ್ಲಿನ ಹೊಲಗಳಲ್ಲಿ ಹುಡುಕಿದಾಗ, ಇದೇ ಕ್ಯಾಂಪೊಲೆಟಿಸ್ ಮತ್ತು ಗ್ಲಿಪ್ಟಪಾಂಟೆಲಿಸ್ ಎಂಬ ಗುಂಪಾಗಿ ಬೆಳೆಯುವ ಕಣಜ ಎರಡೂ ಅದರ ಮೈಯಿಂದ ಹೊರಬಂದವು. ಕರೆಯದೆ ಬಂದು ಕೆಲಸಕ್ಕೆ ನಿಂತವರು ಅವರು.

ಸರಿಯಾದ ಕಣಜ ತಂದು ಬಿಟ್ಟರೆ ಸಾಕಲ್ಲವೇ? ವೈರಸ್ ಬಗ್ಗೆ ರೈತರು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಯಾವ ಕಣಜ ಯಾವ ಹುಳುವಿಗೆ ಎಂದು ತೀರ್ಮಾನಿಸುವುದರಲ್ಲಿ ಈ ವೈರಸ್ಸಿನದೂ ದೊಡ್ಡ ಪಾತ್ರ, ಅದಕ್ಕೆ.

ಕೀನ್ಯಾದಲ್ಲಿ ಕೊಟೇಶಿಯಾ ಸೆಸಾಮಿಯೆ ಎಂಬ ಕಣಜ ಮೆಕ್ಕೆಜೋಳದ ಕಾಂಡಕೊರಕಗಳ ಮೇಲೆ ಬದುಕುತ್ತದೆ. ಒಳನಾಡಿನ ಕಿಟಾಲೆ ಕಡೆಯ ಕಣಜ ಬುಸಿಯೋಲಾ ಎಂಬ ಕೊರಕದೊಳಗೆ ಚೆನ್ನಾಗಿ ಬೆಳೆಯುತ್ತದೆ. ಕಡಲ ತೀರದ ಮೊಂಬಾಸಾ ಕಡೆಯದ್ದು ಅದೇ ಕೊರಕಕ್ಕೆ ಚುಚ್ಚಿದರೆ ಮೊಟ್ಟೆಗಳೆಲ್ಲ ಪೊರೆಗೆ ಸಿಕ್ಕಿ ಸಾಯುತ್ತವೆ. ಜಾತಿ ಒಂದೇ, ಕಣ್ಣಿಗೆ ಒಂದೇ ಥರ. ಇಬ್ಬರ ವೈರಸ್ ಜೀನ್‌ನಲ್ಲಿ ವ್ಯತ್ಯಾಸ ಇರುವುದು ಆಮೇಲೆ ಗೊತ್ತಾಯಿತು. ತಪ್ಪು ಊರಿನ ಕಣಜ ತಂದು ಬಿಟ್ಟರೆ ದುಡ್ಡು, ಶ್ರಮ ಎರಡೂ ನೀರಿಗೆ.

ಆ ವೈರಸ್ಸನ್ನೇ ಬಾಟಲಿಗೆ ತುಂಬಿ, ಹುಳು ಕೊಲ್ಲಲು ಹೊಡೆಯುವ ಎನ್‌ಪಿವಿ ಎಂಬ ವೈರಸ್ ಥರ ಸಿಂಪಡಿಸಬಹುದಲ್ಲ?

ಆಗುವುದಿಲ್ಲ. ಎನ್‌ಪಿವಿ ಹುಳುವಿನೊಳಗೆ ಹೆಚ್ಚಿ, ಹುಳುವನ್ನು ಕೊಂದು, ಮತ್ತೊಂದಕ್ಕೆ ಹರಡುತ್ತದೆ. ಸತ್ತ ಹುಳು ತಲೆಕೆಳಗಾಗಿ ಜೋತಾಡುವುದನ್ನು ನೋಡಿರುತ್ತೀರಿ. ಕಣಜದ ವೈರಸ್ಸಿಗೆ ಆ ಶಕ್ತಿ ಇಲ್ಲ, ಚುಚ್ಚದೆ ಅದು ಒಳಗೂ ಹೋಗುವುದಿಲ್ಲ. ಆದರೆ ಒಂದು ಚೆಂದದ ಸಂಗತಿ ಇದೆ: ಎನ್‌ಪಿವಿ ಸೇರಿರುವ ಬಾಕ್ಯುಲೊವೈರಸ್ ಕುಟುಂಬ ಮತ್ತು ಬ್ರಾಕೊವೈರಸ್ಸಿನ ಮೂಲವಾದ ನ್ಯೂಡಿವೈರಸ್ ಕುಟುಂಬ ಹತ್ತಿರದ ದಾಯಾದಿಗಳು. ನೀವು ಪಂಪಿನಲ್ಲಿ ಹೊಡೆಯುವುದು ಒಬ್ಬನನ್ನು, ಕಣಜ ಹೊಟ್ಟೆಯಲ್ಲಿ ಹೊತ್ತು ತಿರುಗುವುದು ಮತ್ತೊಬ್ಬನ ಮೊಮ್ಮಗನನ್ನು.

ಗಿಡಕ್ಕೆ ಇದೆಲ್ಲ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಹುಳು ಎಲೆ ಕಡಿದಾಗ ಅದರ ಜೊಲ್ಲಿನಿಂದ ಗಿಡ ಎಚ್ಚರಗೊಂಡು ತನ್ನ ರಕ್ಷಣೆ ಮಾಡಿಕೊಳ್ಳುತ್ತದೆ. ಟೊಮೇಟೊ ಗಿಡದಲ್ಲಿ ನಡೆಸಿದ ಪ್ರಯೋಗದಲ್ಲಿ, ವೈರಸ್ ಹೊಕ್ಕ ಹುಳುವಿನ ಜೊಲ್ಲಿನಲ್ಲಿ ಎಚ್ಚರಿಸುವ ಕಿಣ್ವ ಕಡಿಮೆಯಾಗಿತ್ತು. ಗಿಡದ ರಕ್ಷಣೆ ಸಡಿಲವಾಯಿತು, ಒಳಗಿನ ಕಣಜದ ಮರಿಗೆ ಅನುಕೂಲವಾಯಿತು. ಆದರೆ ಇದಕ್ಕೆ ಬೆಲೆಯೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕೋಸು ಜಾತಿಯ ಗಿಡಗಳ ಮೇಲೆ ನೋಡಿದಾಗ, ವೈರಸ್ ಮತ್ತು ವಿಷ ಹೊಕ್ಕ ಹುಳು ತಿಂದ ಗಿಡದ ವಾಸನೆಯೇ ಬದಲಾಗಿತ್ತು. ಆ ವಾಸನೆ ಹಿಡಿದು ಕಣಜಕ್ಕೇ ಚುಚ್ಚುವ ಇನ್ನೊಂದು ಕಣಜ ಬರುತ್ತಿತ್ತು. ಕಳ್ಳನ ಹೆಜ್ಜೆ ಗುರುತು ಕಳ್ಳನನ್ನೇ ಹಿಡಿದುಕೊಟ್ಟಂತೆ.

ರೇಷ್ಮೆ ಹುಳುವಿನಲ್ಲಿ ಈ ವೈರಸ್ಸಿನ ಜೀನ್ ಇದೆ ಎಂದು ಓದಿದೆ. ಬೆಳೆಗಾರರು ಹೆದರಬೇಕೇ?

ಹೆದರುವುದು ಏನೂ ಇಲ್ಲ. ಹಿಂದೆ ಯಾವಾಗಲೋ ಕಣಜ ಚುಚ್ಚಿದರೂ ಬದುಕಿ ಉಳಿದ ಕೆಲವು ಹುಳುಗಳಿದ್ದವು. ವೈರಸ್ಸಿನ ಡಿಎನ್‌ಎ ತುಂಡು ಅವುಗಳ ಡಿಎನ್‌ಎಯಲ್ಲಿ ಸೇರಿ, ಮರಿಗಳಿಗೂ ಬಂತು. ರೇಷ್ಮೆ ಹುಳು, ಅಮೆರಿಕದ ಮೊನಾರ್ಕ್ ಚಿಟ್ಟೆ, ಸೈನಿಕ ಹುಳು ಇವುಗಳಲ್ಲೆಲ್ಲ ಇಂಥ ತುಂಡುಗಳು ಸಿಕ್ಕಿವೆ. ಅದು ಬಹಳ ಹಳೆಯ ಗುರುತು, ರೋಗವಲ್ಲ. ಸೈನಿಕ ಹುಳುವಿನ ಹತ್ತಿರದ ಸಂಬಂಧಿಯೊಂದರಲ್ಲಿ ಹೀಗೆ ಸಿಕ್ಕ ಜೀನ್ ಅದನ್ನು ಬಾಕ್ಯುಲೊವೈರಸ್ಸಿನಿಂದ ಕಾಪಾಡುತ್ತದೆ. ಶತ್ರು ಬಿಟ್ಟುಹೋದ ಆಯುಧ ಮನೆ ಕಾಯಲು ಒದಗಿತು.

ನಮ್ಮ ರೇಷ್ಮೆ ಮನೆಗಳಲ್ಲಿ ಕಾಟ ಕೊಡುವ ಊಜಿ, ಕಣಜವಲ್ಲ, ನೊಣ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮನುಷ್ಯರಿಗೆ, ದನಕರುಗಳಿಗೆ ಈ ವೈರಸ್ ಅಂಟುತ್ತದೆಯೇ?

ಇಲ್ಲ. ಅದು ಕಣಜದ ಅಂಡಾಶಯ ಬಿಟ್ಟು ಬೇರೆಲ್ಲೂ ಹುಟ್ಟುವುದೇ ಇಲ್ಲ.

ಬಿಳಿ ಗೂಡು ಹೊತ್ತ ಹುಳು ಕಂಡರೆ ಏನು ಮಾಡಲಿ?

ಅಲ್ಲೇ ಬಿಡಿ. ಔಷಧಿ ಹೊಡೆಯಬೇಕಾದ ಅನಿವಾರ್ಯ ಬಂದರೂ ಆ ಸಾಲನ್ನು ಆದಷ್ಟು ತಪ್ಪಿಸಿ. ಬದುವಿನ ಹೂವಿನ ಗಿಡಗಳನ್ನು ಕೀಳಬೇಡಿ. ಬೆಳೆದು ರೆಕ್ಕೆ ಬಂದ ಈ ಕಣಜ ಕುಡಿಯುವುದು ಮಕರಂದವನ್ನು.

ಮಕ್ಕಳಿಗೆ ತೋರಿಸಬೇಕು ಅನ್ನಿಸಿದರೆ ಎಲೆ ಸಮೇತ ಒಂದು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ. ನೆರಳಿನಲ್ಲಿಡಿ. ಸುಮಾರು ಒಂದು ವಾರದಲ್ಲಿ ಗೂಡಿನ ತುದಿ ಮುಚ್ಚಳದಂತೆ ಬಿಚ್ಚಿಕೊಂಡು ಕಪ್ಪು ಕಣಜಗಳು ಹೊರಬರುತ್ತವೆ. ಕೆಲವು ಸಲ ಹಸಿರು ಹೊಳಪಿನ ಇನ್ನೊಂದು ಕಣಜ ಬರುತ್ತದೆ. ಅದು ಮೊದಲ ಕಣಜವನ್ನೇ ತಿಂದು ಬೆಳೆದದ್ದು. ಕಪ್ಪು ಬಂದರೆ ಬೆಳಿಗ್ಗೆ ಹೊತ್ತು ಹುಳು ಸಿಕ್ಕಿದ ಗಿಡದ ಹತ್ತಿರವೇ ಬಟ್ಟೆ ಬಿಚ್ಚಿ. ಅವುಗಳಲ್ಲಿ ಹೆಣ್ಣು ಕಣಜದ ಹೊಟ್ಟೆಯಲ್ಲಿ ವೈರಸ್ ಆಗಲೇ ತುಂಬಿರುತ್ತದೆ.